ಬೆಳಕು ಚುಚ್ಚುವ ಕಣ್ಣಿಗೆ ಕೂಲಿಂಗ್ ಗ್ಲಾಸ್ ಆರಿಸುವುದು ಹೇಗೆ?

ಬಲಗಣ್ಣು ಮೊದಲ ಸಲ ಕೆಂಪಾದಾಗ ನಾನು ಮಾಡಿದ ಮೊದಲ ಕೆಲಸ, ಫುಟ್‌ಪಾತಿನಲ್ಲಿ ಸಿಕ್ಕ ಅತಿ ಕಪ್ಪು ಕನ್ನಡಕವನ್ನು ಕೊಂಡಿದ್ದು. ಬಾಗಿಲು ತೆರೆದರೆ ಸಾಕು, ಬೆಳಕು ಸೂಜಿಯ ಹಾಗೆ ಚುಚ್ಚುತ್ತಿತ್ತು. ಧೂಳು ಬಿದ್ದಿರಬೇಕು ಅಂದುಕೊಂಡೆ. ನಾಲ್ಕು ದಿನ ಆ ಕನ್ನಡಕ ಹಾಕಿಕೊಂಡೇ ಇದ್ದೆ, ಮನೆಯೊಳಗೂ. ಐದನೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋದಾಗ ಅದು ಯುವೈಟಿಸ್ ಎಂದು ಗೊತ್ತಾಯಿತು. ಕಣ್ಣಿನ ನಡುಪದರದ ಉರಿಯೂತ. ಅಷ್ಟರಲ್ಲಿ ಪಾಪೆಯ ಅಂಚು ಹಿಂದಿರುವ ಲೆನ್ಸಿಗೆ ಒಂದು ಕಡೆ ಅಂಟಿಕೊಂಡುಬಿಟ್ಟಿತ್ತು. ಬೇಗ ಹೋಗಿದ್ದರೆ ಬರೀ ಹನಿ ಔಷಧಿಯಲ್ಲೇ ಅದನ್ನು ತಡೆಯುವ ಅವಕಾಶ ಇತ್ತು.

ಆಮೇಲೆ ಆ ಕಾಯಿಲೆ ಮತ್ತೆ ಮತ್ತೆ ಬಂದು ಹೋಗಿದೆ. ನಮ್ಮ ಅಕ್ಕನ ಮಗಳಿಗೆ ಆಲ್ಬಿನಿಸಂ ಇದೆ, ಅಂದರೆ ಮೈ, ಕೂದಲು, ಕಣ್ಣಿನ ಬಣ್ಣ ಕಡಿಮೆ ಇರುವ ಸ್ಥಿತಿ. ನನ್ನದು ಬಂದು ಹೋಗುವ ತೊಂದರೆ, ಅವಳದ್ದು ಹುಟ್ಟಿನಿಂದ ಇರುವಂಥದ್ದು. ನಮ್ಮಿಬ್ಬರಿಗೂ ಸರಿಯಾದ ಕನ್ನಡಕ ಹುಡುಕುತ್ತಾ ಕಲಿತ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಅಂಗಡಿಗೆ ಹೋಗಿ "ತುಂಬಾ ಡಾರ್ಕ್ ಇರೋದು ಕೊಡಿ" ಅನ್ನಬೇಡಿ. ನಿಮ್ಮ ಕಣ್ಣಿಗೆ ಯಾವ ಬೆಳಕು, ಯಾವ ಕಡೆಯಿಂದ, ಎಲ್ಲಿದ್ದಾಗ ನೋವು ಕೊಡುತ್ತದೆ ಎಂದು ತಿಳಿದುಕೊಂಡು ಹೋಗಿ. ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಮೊದಲು ಕಾರಣ, ಆಮೇಲೆ ಕನ್ನಡಕ

ಬೆಳಕು ಆಗದಿರುವುದು ತಾನೇ ಒಂದು ಕಾಯಿಲೆಯಲ್ಲ. ಅದು ಬೇರೆ ಯಾವುದೋ ತೊಂದರೆಯ ಗುರುತು. ಒಣಕಣ್ಣು, ಮೈಗ್ರೇನ್, ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರ) ಮೇಲಿನ ಗಾಯ, ಆ ಪದರ ತೆಳುವಾಗಿ ಮುಂದಕ್ಕೆ ಉಬ್ಬುವ ಕೆರಟೊಕೋನಸ್, ಯುವೈಟಿಸ್, ಶುರುವಾಗುತ್ತಿರುವ ಪೊರೆ, ತಲೆಗೆ ಬಿದ್ದ ಪೆಟ್ಟು, ಆಲ್ಬಿನಿಸಂ, ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯುವ ಪದರವಾದ ರೆಟಿನಾದ ಕಾಯಿಲೆಗಳು, ಹೀಗೆ ಪಟ್ಟಿ ಉದ್ದವಿದೆ. ಇವೆಲ್ಲಕ್ಕೂ ಒಂದೇ ಕನ್ನಡಕ ಆಗುವುದಿಲ್ಲ.

ಕೆಲವು ಸಂದರ್ಭಗಳಲ್ಲಿ ಕನ್ನಡಕದ ಯೋಚನೆಯನ್ನೇ ಬಿಟ್ಟು ಅದೇ ದಿನ ಡಾಕ್ಟರ ಹತ್ತಿರ ಹೋಗಬೇಕು. ಇದ್ದಕ್ಕಿದ್ದ ಹಾಗೆ ಬೆಳಕು ಆಗದಿದ್ದರೆ, ಜೊತೆಗೆ ಕಣ್ಣು ಕೆಂಪಾಗಿ ನೋಯುತ್ತಿದ್ದರೆ ಅಥವಾ ನೋಟ ಮಂಜಾಗಿದ್ದರೆ ಕಾಯಬೇಡಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರಂತೂ ಲೆನ್ಸ್ ತೆಗೆದಿಟ್ಟು ಕೂಡಲೇ ತೋರಿಸಬೇಕು. ಜ್ವರ, ಕುತ್ತಿಗೆ ಬಿಗಿತ, ಜೋರಾದ ತಲೆನೋವಿನ ಜೊತೆ ಬೆಳಕು ಆಗುತ್ತಿಲ್ಲ ಎಂದರೆ ಅದು ಮಿದುಳಿನ ಹೊದಿಕೆಯ ಉರಿಯೂತ, ಅಂದರೆ ಮೆನಿಂಜೈಟಿಸ್ ಇರಬಹುದು. ನೇರ ದೊಡ್ಡಾಸ್ಪತ್ರೆಗೆ ಹೋಗಿ.

ಎಳೆ ಮಕ್ಕಳ ವಿಷಯ ಇನ್ನೂ ಗಮನವಿಟ್ಟು ಓದಿ. ಕೂಸು ಬೆಳಕಿಗೆ ಬಂದ ಕೂಡಲೇ ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳುತ್ತಿದ್ದರೆ, ಯಾವಾಗಲೂ ಕಣ್ಣಲ್ಲಿ ನೀರು ಸುರಿಯುತ್ತಿದ್ದರೆ, ಕರಿಗುಡ್ಡೆ ದೊಡ್ಡದಾಗಿ ಅಥವಾ ಮಸುಕಾಗಿ ಕಾಣುತ್ತಿದ್ದರೆ ಅದು ಹುಟ್ಟಿನಿಂದ ಬಂದ ಗ್ಲಾಕೋಮಾ ಆಗಿರಬಹುದು. "ಎಷ್ಟು ದೊಡ್ಡ ಚಂದದ ಕಣ್ಣು" ಎಂದು ಮನೆಯವರು ಮುದ್ದು ಮಾಡುತ್ತಾ ತಿಂಗಳು ಕಳೆಯುತ್ತಾರೆ. ಅಷ್ಟರಲ್ಲಿ ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ಕಣ್ಣಿನ ನರ ಹಾಳಾಗುತ್ತದೆ. ಇದಕ್ಕೆ ಬೇಗ ಆಪರೇಷನ್ ಬೇಕು.

ಡಾಕ್ಟರು ನೋಡಿ, ಕಾಯಿಲೆಗೆ ಹೆಸರಿಟ್ಟು, ಚಿಕಿತ್ಸೆ ಶುರು ಮಾಡಿದ ಮೇಲೆ ಮುಂದಿನ ಹೆಜ್ಜೆಗೆ ಬನ್ನಿ. ಒಣಕಣ್ಣಿದ್ದವರಲ್ಲಿ ಎಷ್ಟೋ ಜನಕ್ಕೆ ಕಣ್ಣಿನ ಹನಿ ಶುರು ಮಾಡಿದ ಮೇಲೆ ಬೆಳಕಿನ ಕಾಟವೇ ಅರ್ಧ ಇಳಿಯುತ್ತದೆ.

ಒಂದು ವಾರ ಬೆಳಕಿನ ಲೆಕ್ಕ ಬರೆಯಿರಿ

ಒಂದು ಚಿಕ್ಕ ಪುಸ್ತಕ ಸಾಕು. ಕಣ್ಣು ಚುಚ್ಚಿದಾಗಲೆಲ್ಲ ನಾಲ್ಕು ಮಾತು ಬರೆಯಿರಿ. ಹೊತ್ತು ಎಷ್ಟು, ಎಲ್ಲಿದ್ದಿರಿ, ಬೆಳಕು ಯಾವುದು, ಎಷ್ಟು ಹೊತ್ತಿಗೆ ಸರಿಯಾಯಿತು. ಮಟಮಟ ಮಧ್ಯಾಹ್ನದ ಬಿಸಿಲೋ, ಆಫೀಸಿನ ಟ್ಯೂಬ್‌ಲೈಟೋ, ಎದುರು ಬರುವ ವಾಹನದ ಹೆಡ್‌ಲೈಟೋ, ಮೊಬೈಲ್ ಪರದೆಯೋ ಎಂದು ಬಿಡಿಸಿ ಬರೆಯಿರಿ.

ಇದರ ಜೊತೆ ಒಂದು ಸುಲಭದ ಪರೀಕ್ಷೆ ಇದೆ. ನಾನು ಎಲ್ಲರಿಗೂ ಹೇಳುವುದು ಇದನ್ನೇ. ಬಿಸಿಲಿನಲ್ಲಿ ನಿಂತು, ಅಂಗೈಯನ್ನು ಹುಬ್ಬಿನ ಮೇಲೆ ಚಪ್ಪರದ ಹಾಗೆ ಹಿಡಿಯಿರಿ. ಆರಾಮ ಅನ್ನಿಸಿತಾ? ಹಾಗಾದರೆ ನಿಮ್ಮನ್ನು ಕಾಡುವುದು ಮೇಲಿನಿಂದ ಬೀಳುವ ಬೆಳಕು. ಈಗ ಎರಡೂ ಕೈಗಳನ್ನು ಕಣ್ಣಿನ ಪಕ್ಕಕ್ಕೆ, ಕುದುರೆಗೆ ಕಣ್ಣುಪಟ್ಟಿ ಕಟ್ಟಿದ ಹಾಗೆ ಹಿಡಿಯಿರಿ. ಇದರಿಂದ ಆರಾಮವಾದರೆ ಪಕ್ಕದಿಂದ ನುಗ್ಗುವ ಬೆಳಕು. ಎರಡರಿಂದಲೂ ಏನೂ ಬದಲಾಗದಿದ್ದರೆ, ನೆಲದಿಂದ ಅಥವಾ ಎದುರಿನಿಂದ ಪುಟಿದು ಬರುವ ಬೆಳಕು ನಿಮ್ಮ ಶತ್ರು. ಫ್ರೇಮು, ಟೋಪಿ, ಲೆನ್ಸ್ ಈ ಮೂರರಲ್ಲಿ ಯಾವುದಕ್ಕೆ ಮೊದಲು ದುಡ್ಡು ಹಾಕಬೇಕು ಎಂಬುದು ಈ ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಅಕ್ಕನ ಮಗಳಿಗೆ ಎರಡು ಕನ್ನಡಕ ಬದಲಿಸಿದರೂ ಆರಾಮ ಸಿಕ್ಕಿರಲಿಲ್ಲ. ಹುಬ್ಬಿನ ಮೇಲೆ ಕೈ ಹಿಡಿದ ಕೂಡಲೇ ಅವಳ ಮುಖ ಅರಳಿತು. ಅವಳಿಗೆ ಬೇಕಿದ್ದದ್ದು ಅಗಲ ಅಂಚಿನ ಟೋಪಿ.

ಎಷ್ಟು ಕಪ್ಪು ಬೇಕು?

ಕನ್ನಡಕದ ಗಾಜು ಎಷ್ಟು ಬೆಳಕನ್ನು ಒಳಗೆ ಬಿಡುತ್ತದೆ ಎಂಬುದರ ಮೇಲೆ ಅದಕ್ಕೆ 0ಯಿಂದ 4ರವರೆಗೆ ದರ್ಜೆ ಕೊಡುತ್ತಾರೆ. ಐಎಸ್‌ಒ 12312-1 ಎಂಬ ಅಂತರರಾಷ್ಟ್ರೀಯ ಮಾನದಂಡ ಇದಕ್ಕಿದೆ. ದರ್ಜೆ 0 ಅಂದರೆ 80ರಿಂದ 100 ಶೇಕಡಾ ಬೆಳಕು ಒಳಗೆ ಬರುತ್ತದೆ. ದರ್ಜೆ 1ರಲ್ಲಿ 43ರಿಂದ 80, ದರ್ಜೆ 2ರಲ್ಲಿ 18ರಿಂದ 43, ದರ್ಜೆ 3ರಲ್ಲಿ 8ರಿಂದ 18, ದರ್ಜೆ 4ರಲ್ಲಿ ಬರೀ 3ರಿಂದ 8. ಒಳ್ಳೆಯ ಕನ್ನಡಕದ ಕಡ್ಡಿಯ ಒಳಭಾಗದಲ್ಲಿ ಅಥವಾ ಜೊತೆಗೆ ಕೊಡುವ ಚೀಟಿಯಲ್ಲಿ ಈ ಅಂಕಿ ಇರುತ್ತದೆ.

ಅಂಗಡಿಯಲ್ಲಿ ಒಂದು ಗೊಂದಲ ಆಗುತ್ತದೆ, ಎಚ್ಚರ ಇರಲಿ. ಅವರು "85 ಪರ್ಸೆಂಟ್ ಟಿಂಟ್" ಎಂದರೆ ಸಾಮಾನ್ಯವಾಗಿ 85 ಶೇಕಡಾ ಬೆಳಕನ್ನು ತಡೆಯುತ್ತದೆ ಎಂದರ್ಥ. ಒಳಗೆ ಬರುವುದು 15 ಮಾತ್ರ. "ಎಷ್ಟು ಬೆಳಕು ಒಳಗೆ ಬಿಡುತ್ತದೆ?" ಎಂದು ಬಿಡಿಸಿ ಕೇಳಿ.

ಈಗ ಒಂದು ಲೆಕ್ಕ ಮಾಡೋಣ. ನಡು ಮಧ್ಯಾಹ್ನದ ನೇರ ಬಿಸಿಲು ಸುಮಾರು 1 ಲಕ್ಷ ಲಕ್ಸ್ ಇರುತ್ತದೆ. ಲಕ್ಸ್ ಅಂದರೆ ಬೆಳಕಿನ ಅಳತೆ. 15 ಶೇಕಡಾ ಬಿಡುವ ದರ್ಜೆ 3ರ ಗಾಜಿನ ಹಿಂದೆ ಅದು 15,000 ಲಕ್ಸ್ ಆಗುತ್ತದೆ. ಟ್ಯೂಬ್‌ಲೈಟ್ ಇರುವ ಮನೆಯ ಕೋಣೆಯಲ್ಲಿ 300 ಲಕ್ಸ್ ಇದ್ದರೆ ಹೆಚ್ಚು. ಅಂದರೆ ಕೂಲಿಂಗ್ ಗ್ಲಾಸ್ ಹಾಕಿ ಬಿಸಿಲಿನಲ್ಲಿ ನಿಂತರೂ ಕಣ್ಣಿಗೆ ಮನೆಯೊಳಗಿನದಕ್ಕಿಂತ 50 ಪಟ್ಟು ಬೆಳಕು ಸಿಗುತ್ತಿದೆ! ಬರೀ ಕನ್ನಡಕದಿಂದ ಏಕೆ ಸಾಕಾಗುವುದಿಲ್ಲ, ಟೋಪಿ ಮತ್ತು ನೆರಳು ಏಕೆ ಬೇಕು ಎಂಬುದು ಈ ಅಂಕಿಯಿಂದ ನನಗೆ ಅರ್ಥವಾಯಿತು.

ಅದೇ ಗಾಜನ್ನು ಮನೆಯೊಳಗೆ ಹಾಕಿಕೊಂಡರೆ? 300 ಲಕ್ಸ್ ಹೋಗಿ 45 ಆಗುತ್ತದೆ. ಕಣ್ಣು ಮಬ್ಬುಗತ್ತಲೆಗೆ ಒಗ್ಗಿಕೊಳ್ಳುತ್ತದೆ. ಸಿನಿಮಾ ಮಂದಿರದಿಂದ ಮ್ಯಾಟಿನಿ ಮುಗಿಸಿ ಹೊರಬಂದಾಗ ಕಣ್ಣು ಕೋರೈಸುತ್ತದಲ್ಲ, ಅಂಥದ್ದೇ ಸ್ಥಿತಿಯಲ್ಲಿ ಇಡೀ ದಿನ ಇದ್ದ ಹಾಗೆ. ದಿನ ಕಳೆದಂತೆ ಮೊದಲು ಆಗುತ್ತಿದ್ದ ಬೆಳಕೂ ಆಗುವುದಿಲ್ಲ. ಆಗ ಇನ್ನೂ ಕಪ್ಪು ಬೇಕೆನ್ನಿಸುತ್ತದೆ. ನಾನು ನಾಲ್ಕೇ ದಿನದಲ್ಲಿ ಇದರ ರುಚಿ ನೋಡಿದ್ದೆ. ಎಷ್ಟೋ ಜನ ಇದರಲ್ಲಿ ವರ್ಷಗಟ್ಟಲೆ ಸಿಕ್ಕಿಕೊಂಡಿರುತ್ತಾರೆ. ಅವರು ಒಮ್ಮೆಲೇ ಬಿಡಬಾರದು. ಮನೆಯೊಳಗೆ ಮೊದಲು ತೆಳು ಬಣ್ಣದ ಗಾಜಿಗೆ ಬರಬೇಕು. ಆಮೇಲೆ ದಿನಕ್ಕೆ ಸ್ವಲ್ಪ ಹೊತ್ತು ಬರಿಗಣ್ಣಿನಲ್ಲಿ ಇದ್ದು, ವಾರವಾರಕ್ಕೆ ಆ ಹೊತ್ತನ್ನು ಹೆಚ್ಚಿಸಬೇಕು.

ಹಾಗಾಗಿ ನನ್ನ ಲೆಕ್ಕದಲ್ಲಿ ಬೆಳಕು ಆಗದವರಿಗೆ ಎರಡು ಕನ್ನಡಕ ಬೇಕು. ಹೊರಗೆ ದರ್ಜೆ 3. ಒಳಗೆ, ತೀರಾ ಬೇಕಾದರೆ, ದರ್ಜೆ 1ರ ತೆಳು ಬಣ್ಣ. ದರ್ಜೆ 4 ಹಿಮದ ಬೆಟ್ಟ, ತೆರೆದ ಸಮುದ್ರದಂಥ ಜಾಗಕ್ಕೆ ಮಾಡಿದ್ದು. ನಮ್ಮಲ್ಲಿ ಗೋಕರ್ಣದ ಹತ್ತಿರ ಸಾಣಿಕಟ್ಟಾದ ಉಪ್ಪಿನ ಆಗರಗಳಲ್ಲಿ ಬೇಸಿಗೆಯ ಮಧ್ಯಾಹ್ನ ನಿಂತರೆ ಅಂಥದ್ದು ಬೇಕು ಅನ್ನಿಸಬಹುದು. ಆದರೆ ಅದನ್ನು ಹಾಕಿಕೊಂಡು ಗಾಡಿ ಓಡಿಸುವ ಹಾಗಿಲ್ಲ.

ಕಪ್ಪು ಬೇರೆ, ಯುವಿ ಬೇರೆ

ನೇರಳಾತೀತ ಕಿರಣ, ಅಂದರೆ ಯುವಿ, ಕಣ್ಣಿಗೆ ಕಾಣುವುದಿಲ್ಲ. ಗಾಜಿನ ಕಪ್ಪಿಗೂ ಅದಕ್ಕೂ ಸಂಬಂಧವಿಲ್ಲ. ಪೂರ್ತಿ ತಿಳಿಯಾದ ಗಾಜು ಯುವಿಯನ್ನು ತಡೆಯಬಲ್ಲದು. ಕಡುಗಪ್ಪು ಗಾಜು ಅದನ್ನು ಸುಮ್ನೆ ಒಳಗೆ ಬಿಡಬಹುದು. ಕಪ್ಪು ಗಾಜಿನ ಹಿಂದೆ ಪಾಪೆ ಹಿಗ್ಗುತ್ತದೆ. ಆಗ ಯುವಿ ತಡೆ ಇಲ್ಲದಿದ್ದರೆ ಒಳಗೆ ಹೋಗುವ ದಾರಿ ಇನ್ನಷ್ಟು ಅಗಲವಾದ ಹಾಗಾಯಿತು.

"ಯುವಿ 400" ಎಂದು ಬರೆದಿರುವುದನ್ನೇ ತೆಗೆದುಕೊಳ್ಳಿ. 400 ನ್ಯಾನೊಮೀಟರ್‌ವರೆಗಿನ ಕಿರಣಗಳನ್ನು ತಡೆಯುತ್ತದೆ ಎಂದರ್ಥ. ನ್ಯಾನೊಮೀಟರ್ ಅಂದರೆ ಬೆಳಕಿನ ತರಂಗದ ಉದ್ದದ ಅಳತೆ. ಬರೀ ಅಂಟಿಸಿದ ಚೀಟಿಯನ್ನು ನಂಬಬೇಡಿ. ಸ್ವಲ್ಪ ದೊಡ್ಡ ಆಪ್ಟಿಕಲ್ ಅಂಗಡಿಗಳಲ್ಲಿ ಯುವಿ ಮೀಟರ್ ಇರುತ್ತದೆ. ಹಳೆಯ ಕನ್ನಡಕವನ್ನೂ ತೆಗೆದುಕೊಂಡು ಹೋಗಿ ಅಳೆಸಿ.

ಮನೆಯಲ್ಲಿ ಯುವಿ ಟಾರ್ಚ್ ಇದ್ದರೆ ನೋಟಿನ ಮೇಲೆ ಪರೀಕ್ಷೆ ಮಾಡಬಹುದು. ಯುವಿ ಬಿದ್ದಾಗ ನಮ್ಮ ರೂಪಾಯಿ ನೋಟಿನ ಕೆಲವು ಭಾಗ ಹೊಳೆಯುತ್ತದೆ. ಟಾರ್ಚಿಗೂ ನೋಟಿಗೂ ನಡುವೆ ಕನ್ನಡಕದ ಗಾಜು ಹಿಡಿಯಿರಿ. ಹೊಳಪನ್ನು ಗಾಜಿನ ಮೂಲಕವಲ್ಲ, ಪಕ್ಕದಿಂದ ನೋಡಿ. ಹೊಳಪು ಪೂರ್ತಿ ನಿಂತರೆ ಒಳ್ಳೆಯ ಗುರುತು. ಅಗ್ಗದ ಟಾರ್ಚುಗಳು 395 ನ್ಯಾನೊಮೀಟರ್ ಆಸುಪಾಸಿನಲ್ಲಿದ್ದು, ಒಂದಿಷ್ಟು ನೇರಳೆ ಬೆಳಕನ್ನೂ ಚೆಲ್ಲುತ್ತವೆ. ಹಾಗಾಗಿ ಸ್ವಲ್ಪ ಹೊಳಪು ಉಳಿದ ಮಾತ್ರಕ್ಕೆ ಗಾಜು ಕೆಟ್ಟದ್ದು ಎಂದು ತೀರ್ಮಾನಿಸಬೇಡಿ. ಮೀಟರೇ ಕೊನೆಯ ಮಾತು. ಟಾರ್ಚನ್ನು ಯಾರ ಕಣ್ಣಿಗೂ ಬಿಡಬೇಡಿ.

ಮೋಡದ ದಿನವೂ ಯುವಿ ಸಾಕಷ್ಟು ಇಳಿದು ಬರುತ್ತದೆ ಎಂಬುದು ನೆನಪಿರಲಿ.

ಬಣ್ಣ: ಕಾಯಿಲೆ ನೋಡಿ ಆರಿಸಿ

ಬಣ್ಣ ಬರೀ ಚಂದಕ್ಕಲ್ಲ. ಒಂದೊಂದು ಬಣ್ಣ ಬೆಳಕಿನ ಒಂದೊಂದು ಭಾಗವನ್ನು ಕತ್ತರಿಸುತ್ತದೆ. ಇಲ್ಲಿ ಕಾಯಿಲೆಯ ಹೆಸರು ಗೊತ್ತಿರುವುದು ಉಪಯೋಗಕ್ಕೆ ಬರುತ್ತದೆ.

ಬೂದು ಬಣ್ಣ ಎಲ್ಲ ಬೆಳಕನ್ನೂ ಸರಿಸುಮಾರು ಒಂದೇ ಸಮ ತಗ್ಗಿಸುತ್ತದೆ. ಬಣ್ಣಗಳು ಇದ್ದ ಹಾಗೇ ಕಾಣುತ್ತವೆ. ಯುವೈಟಿಸ್ ಇರುವ ನನಗೆ ಬೂದು ಒಗ್ಗಿತು. ನಮಗೆ ನೋವು ಬರುವುದು ಬೆಳಕಿನ ಬಣ್ಣದಿಂದಲ್ಲ. ಬೆಳಕು ಬಿದ್ದಾಗ ಪಾಪೆ ಕುಗ್ಗಲು ಹೋಗಿ, ಉರಿಯೂತವಿರುವ ಸ್ನಾಯು ಎಳೆದಾಗ ಬರುತ್ತದೆ. ಅದಕ್ಕೇ ಡಾಕ್ಟರು ಪಾಪೆ ಹಿಗ್ಗಿಸುವ ಹನಿ ಕೊಡುತ್ತಾರೆ. ನೋವು ಇಳಿಯುತ್ತದೆ, ಆದರೆ ಹಿಗ್ಗಿದ ಪಾಪೆಯಿಂದ ಬೆಳಕು ಜಾಸ್ತಿ ನುಗ್ಗುತ್ತದೆ. ಅಟ್ರೋಪಿನ್ ಹಾಕಿದರೆ ಪಾಪೆ ಮೊದಲಿನಂತಾಗಲು ಒಂದು ವಾರದ ಮೇಲೂ ಬೇಕಾಗಬಹುದು. ಆ ದಿನಗಳಿಗೆ ದರ್ಜೆ 3ರ ಬೂದು ಕನ್ನಡಕ ಸಾಕು.

ಕಂದು, ಜೇನುಬಣ್ಣದ ಗಾಜುಗಳು ನೀಲಿ ಬೆಳಕನ್ನು ಹೆಚ್ಚು ತಡೆಯುತ್ತವೆ. ನೀಲಿ ಬೆಳಕು ಕಣ್ಣಿನೊಳಗೆ ಜಾಸ್ತಿ ಚದುರುತ್ತದೆ. ಅದನ್ನು ತೆಗೆದರೆ ಗೆರೆ, ಅಂಚು, ಮೆಟ್ಟಿಲು ಬಿಡಿಸಿ ಕಾಣುತ್ತವೆ. ಪೊರೆ ಶುರುವಾದವರಿಗೆ, ಕಾರ್ನಿಯಾ ಮಸುಕಾದವರಿಗೆ ಇದು ಹಿತವಾಗಿರುತ್ತದೆ. ಆಲ್ಬಿನಿಸಂ ಇರುವ ಹಲವರೂ ಇದನ್ನೇ ಇಷ್ಟಪಡುತ್ತಾರೆ.

ಆಲ್ಬಿನಿಸಂ ಬಗ್ಗೆ ಎರಡು ಮಾತು. ಇದು ತೊನ್ನಲ್ಲ. ಹುಟ್ಟಿನಿಂದಲೇ ಮೈಗೆ, ಕೂದಲಿಗೆ, ಕಣ್ಣಿಗೆ ಬಣ್ಣ ಕೊಡುವ ಮೆಲನಿನ್ ಕಡಿಮೆ ಇರುತ್ತದೆ. ನಮ್ಮ ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ಪರದೆ ದಪ್ಪ ಕಂಬಳಿಯ ಹಾಗಿದ್ದರೆ ಅವರದ್ದು ತೆಳು ಮಸ್ಲಿನ್. ಬೆಳಕು ಪಾಪೆಯಿಂದಷ್ಟೇ ಅಲ್ಲ, ಪರದೆಯ ಮೂಲಕವೂ ಒಳಗೆ ಬರುತ್ತದೆ. ಪಾಪೆ ಎಷ್ಟು ಕುಗ್ಗಿದರೂ ಬೆಳಕು ನಿಲ್ಲುವುದಿಲ್ಲ. ಪರದೆಯೇ ಇಲ್ಲದೆ ಹುಟ್ಟುವ ಅನಿರಿಡಿಯಾ ಎಂಬ ಸ್ಥಿತಿಯಲ್ಲೂ ಇದೇ ಕಷ್ಟ. ಅನಿರಿಡಿಯಾ ಇದ್ದವರಿಗೆ ನಡುವೆ ಚಿಕ್ಕ ಪಾಪೆ ಬಿಟ್ಟು ಸುತ್ತ ಬಣ್ಣ ತುಂಬಿದ ಕಾಂಟ್ಯಾಕ್ಟ್ ಲೆನ್ಸ್ ಹಾಕುವ ದಾರಿಯೂ ಇದೆ. ಅವರ ಕಾರ್ನಿಯಾ ಸೂಕ್ಷ್ಮವಾಗಿರುವುದರಿಂದ ಇದನ್ನು ಡಾಕ್ಟರೇ ತೀರ್ಮಾನಿಸಬೇಕು.

ಕೆಂಪು ಗಾಜಿನ ಕಥೆ ಬೇರೆ. ಅಕ್ರೊಮಟಾಪ್ಸಿಯಾ ಎಂಬ ಹುಟ್ಟುಕಾಯಿಲೆಯಲ್ಲಿ ಬಣ್ಣ ಗುರುತಿಸುವ ಶಂಕು ಕೋಶಗಳು ಕೆಲಸ ಮಾಡುವುದಿಲ್ಲ. ಮಬ್ಬು ಬೆಳಕಿಗೆಂದೇ ಇರುವ ದಂಡ ಕೋಶಗಳ ಮೇಲೆ ನೋಟ ನಿಂತಿರುತ್ತದೆ. ಹಗಲಿನ ಬೆಳಕಿಗೆ ಅವು ತುಂಬಿ ಹೋಗಿ ಏನೂ ಕಾಣದಂತಾಗುತ್ತದೆ. ಇದನ್ನೇ ಹಗಲುಗುರುಡು ಅನ್ನುತ್ತಾರೆ. ದಂಡ ಕೋಶಗಳು 500 ನ್ಯಾನೊಮೀಟರ್ ಸುತ್ತಲಿನ ನೀಲಿ-ಹಸಿರು ಬೆಳಕಿಗೆ ತುಂಬ ಚುರುಕು, ಕಡುಗೆಂಪಿಗೆ ಬಹಳ ಮಂದ. ಹಾಗಾಗಿ ಕೆಂಪನ್ನು ಮಾತ್ರ ಒಳಗೆ ಬಿಡುವ ಗಾಜು ಹಾಕಿದರೆ ಆ ಕೋಶಗಳಿಗೆ ಹಿಡಿಸುವಷ್ಟೇ ಬೆಳಕು ಸಿಗುತ್ತದೆ. ಬೂದು ಕನ್ನಡಕದಲ್ಲಿ ಕಣ್ಣು ಕಿರಿದು ಮಾಡುತ್ತಿದ್ದ ಮಗು ಕೆಂಪು ಗಾಜಿನಲ್ಲಿ ಕಣ್ಣು ಬಿಟ್ಟು ನೋಡುವುದುಂಟು. ಇವರಿಗೆ ಮಾತ್ರ ಮನೆಯೊಳಗೂ ಗಾಢ ಬಣ್ಣದ ಗಾಜು ಬೇಕಾಗಬಹುದು.

ಇರುಳುಗುರುಡಿನಿಂದ ಶುರುವಾಗುವ ರೆಟಿನೈಟಿಸ್ ಪಿಗ್ಮೆಂಟೋಸಾದಲ್ಲೂ ಹಗಲಿನ ಬಿಸಿಲು ಕಾಡುತ್ತದೆ. ಇವರಿಗೆ ಕಿತ್ತಳೆ, ಕೆಂಪುಗಂದು ಗಾಜುಗಳನ್ನು ಹಾಕಿ ನೋಡುತ್ತಾರೆ. ಕಾರ್ನಿಂಗ್ ಕಂಪನಿಯ ಸಿಪಿಎಫ್ ಗಾಜುಗಳ ಹೆಸರನ್ನು ನೋಟ ತೀರಾ ಕಡಿಮೆ ಇರುವವರ ಲೋ ವಿಷನ್ ಕ್ಲಿನಿಕ್‌ನಲ್ಲಿ ಕೇಳಿರಬಹುದು. 511, 527, 550 ಎಂಬ ಅಂಕಿಗಳು, ಅಷ್ಟು ನ್ಯಾನೊಮೀಟರಿಗಿಂತ ಕಡಿಮೆ ಇರುವ ಬೆಳಕನ್ನು ಬಹುಮಟ್ಟಿಗೆ ತಡೆಯುತ್ತದೆ ಎಂಬುದನ್ನು ಹೇಳುತ್ತವೆ. ಅಂಕಿ ಏರಿದಂತೆ ಗಾಜು ಕೆಂಪಿನ ಕಡೆ ವಾಲುತ್ತದೆ.

ಮೈಗ್ರೇನ್ ಇರುವವರಿಗೆ ಎಫ್‌ಎಲ್-41 ಎಂಬ ಗುಲಾಬಿ ಛಾಯೆ ಇದೆ. ನಮ್ಮ ರೆಟಿನಾದಲ್ಲಿ ನೋಡುವುದಕ್ಕಲ್ಲದೆ, ಹಗಲು-ರಾತ್ರಿ ಗುರುತಿಸುವುದಕ್ಕೆಂದೇ ಕೆಲವು ಕೋಶಗಳಿವೆ. ಅವು 480 ನ್ಯಾನೊಮೀಟರ್ ಸುತ್ತಲಿನ ನೀಲಿ ಬೆಳಕಿಗೆ ಚುರುಕು. ನೋವಿನ ದಾರಿಗೂ ಅವುಗಳಿಗೂ ನಂಟಿದೆ. ಅದಕ್ಕೇ ನೋಟ ಬಹುತೇಕ ಹೋಗಿರುವ ಕೆಲವರಿಗೂ ಮೈಗ್ರೇನ್ ಬಂದಾಗ ಬೆಳಕು ನೋವು ಕೊಡುತ್ತದೆ. ಎಫ್‌ಎಲ್-41 ಈ ಭಾಗದ ಬೆಳಕನ್ನು ಕತ್ತರಿಸುತ್ತದೆ. ಬ್ರಿಟನ್‌ನಲ್ಲಿ ಮೈಗ್ರೇನ್ ಇದ್ದ 20 ಮಕ್ಕಳ ಮೇಲೆ ನಡೆದು 1991ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಇದನ್ನು 4 ತಿಂಗಳು ಹಾಕಿದವರಿಗೆ ತಿಂಗಳಿಗೆ 6.2 ಸಲ ಬರುತ್ತಿದ್ದ ತಲೆನೋವು 1.6ಕ್ಕೆ ಇಳಿದಿತ್ತು. ಚಿಕ್ಕ ಅಧ್ಯಯನ, ನಿಜ. ಆದರೂ ಕಪ್ಪು ಕನ್ನಡಕಕ್ಕೆ ಮುಂಚೆ ಇದನ್ನು ಹಾಕಿ ನೋಡಿ ಎಂದೇ ನಾನು ಹೇಳುತ್ತೇನೆ. ತೆಳುವಾಗಿ ಸಿಗುವುದರಿಂದ ಆಫೀಸಿನಲ್ಲೂ ಹಾಕಬಹುದು, ಕಣ್ಣು ಕತ್ತಲೆಗೆ ಒಗ್ಗಿಕೊಳ್ಳುವ ಭಯವಿಲ್ಲ. ಆರ್ಡರ್ ಮಾಡುವಾಗ "ಗುಲಾಬಿ ಗಾಜು" ಅನ್ನಬೇಡಿ. ಎಲ್ಲ ಗುಲಾಬಿಯೂ ಎಫ್‌ಎಲ್-41 ಅಲ್ಲ. ಹೆಸರು ಹೇಳಿಯೇ ಕೇಳಿ.

ನೀಲಿ ಗಾಜು ಬೇಡ. ಹೊರಗಿನ ಬಿಸಿಲಿಗೆ ಹಳದಿಯೂ ಬೇಡ, ಎಲ್ಲವೂ ಇನ್ನಷ್ಟು ಬೆಳಕಾಗಿ ಕಾಣುತ್ತದೆ. ಕಂಪ್ಯೂಟರ್‌ಗೆಂದು ಮಾರುವ ತಿಳಿಯಾದ ಬ್ಲೂ ಕಟ್ ಗಾಜಿಗೆ ಜಾಸ್ತಿ ದುಡ್ಡು ಕೊಡಬೇಡಿ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ 2023ರ ಕೊಕ್ರೇನ್ ವಿಮರ್ಶೆ, ಅದರಿಂದ ಕಣ್ಣಿನ ಆಯಾಸ ಕಡಿಮೆಯಾಗುವುದು ಅನುಮಾನ ಎಂದೇ ಹೇಳಿದೆ.

ಫ್ರೇಮಿನಲ್ಲಿದೆ ಅರ್ಧ ಗುಟ್ಟು

ಒಳ್ಳೆಯ ಗಾಜು ಹಾಕಿಸಿ ಚಿಕ್ಕ ಫ್ರೇಮು ಆರಿಸಿದರೆ, ಬಾಗಿಲಿಗೆ ಬೀಗ ಹಾಕಿ ಕಿಟಕಿ ತೆರೆದಿಟ್ಟ ಹಾಗೆ. ಮೇಲಿನಿಂದ, ಪಕ್ಕದಿಂದ ಬೆಳಕು ನುಗ್ಗುತ್ತದೆ. ಕಪ್ಪು ಗಾಜಿನ ಹಿಂದೆ ಪಾಪೆ ಹಿಗ್ಗಿರುವುದರಿಂದ ಆ ಬೆಳಕು ಇನ್ನೂ ಚುಚ್ಚುತ್ತದೆ.

ಫ್ರೇಮಿನ ಮೇಲಂಚು ಹುಬ್ಬಿಗೆ ಮುಟ್ಟುವಷ್ಟು ಹತ್ತಿರ ಇರಲಿ. ಪಕ್ಕದ ಕಡ್ಡಿ ಅಗಲವಾಗಿರಲಿ, ಅಥವಾ ಮುಖದ ಸುತ್ತ ಬಾಗಿದ ರ‍್ಯಾಪ್ ಫ್ರೇಮು ತೆಗೆದುಕೊಳ್ಳಿ. ಒಣಕಣ್ಣಿನವರಿಗೆ ರ‍್ಯಾಪ್ ಫ್ರೇಮಿನಿಂದ ಇನ್ನೊಂದು ಲಾಭವಿದೆ. ಗಾಳಿ ತಡೆಯುತ್ತದೆ, ಕಣ್ಣೀರು ಬೇಗ ಆರುವುದಿಲ್ಲ. ಪವರ್ ಜಾಸ್ತಿ ಇದ್ದವರಿಗೆ ಬಾಗಿದ ಗಾಜಿನಲ್ಲಿ ಪಕ್ಕದ ನೋಟ ತಿರುಚಿದ ಹಾಗಾಗುತ್ತದೆ. ಅವರು ಮಾಮೂಲಿ ಕನ್ನಡಕದ ಮೇಲೆಯೇ ಕೂರುವ ಫಿಟ್‌ಓವರ್ ನೋಡಬಹುದು. ನೋಡಲು ದಪ್ಪ, ಆದರೆ ಮೇಲೆ, ಕೆಳಗೆ, ಪಕ್ಕ ಎಲ್ಲ ಮುಚ್ಚುತ್ತದೆ. ಕ್ಲಿಪ್ ಹಾಕುವುದಕ್ಕಿಂತ ಸಾವಿರ ಪಾಲು ಮೇಲು.

ಮೂಗಿನ ಮೇಲೆ ಜಾರುವ ಫ್ರೇಮನ್ನು ಮುಲಾಜಿಲ್ಲದೆ ಬಿಟ್ಟುಬಿಡಿ. ಬೆವರುವ ನಮ್ಮ ಹವೆಯಲ್ಲಿ ಅದು ದಿನವಿಡೀ ಜಾರುತ್ತದೆ. ಅರ್ಧ ಇಂಚು ಜಾರಿದರೆ ಮೇಲಿನ ಬೆಳಕು ನೇರ ಕಣ್ಣಿಗೆ. ಹೊಂದಿಸಬಹುದಾದ ನೋಸ್ ಪ್ಯಾಡ್ ಇರುವುದನ್ನೇ ಕೇಳಿ.

ಬೆನ್ನು ಬಿಸಿಲಿಗೆ ಮಾಡಿ ನಿಂತಾಗ ನಿಮ್ಮ ಕಣ್ಣೇ ಗಾಜಿನ ಒಳಮೈಯಲ್ಲಿ ಕಾಣುತ್ತಿದೆಯಾ? ಹಿಂದಿನ ಬೆಳಕು ಗಾಜಿಗೆ ಬಡಿದು ಕಣ್ಣಿಗೆ ವಾಪಸ್ ಬರುತ್ತಿದೆ ಎಂದರ್ಥ. ಗಾಜಿನ ಒಳಮೈಗೆ ಆ್ಯಂಟಿ ರಿಫ್ಲೆಕ್ಷನ್ ಲೇಪ ಹಾಕಿಸಿದರೆ ಇದು ತಗ್ಗುತ್ತದೆ.

ಮಕ್ಕಳಿಗೆ ಪಾಲಿಕಾರ್ಬೊನೇಟ್ ಲೆನ್ಸ್ ಇರಲಿ, ಒಡೆದು ಕಣ್ಣಿಗೆ ಚುಚ್ಚುವ ಭಯ ಕಡಿಮೆ. ಆಲ್ಬಿನಿಸಂ ಇರುವ ಮಕ್ಕಳ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಅವರ ಕಣ್ಣುಗುಡ್ಡೆ ಅಲುಗುತ್ತಿರುತ್ತದೆ. ಯಾವುದೋ ಒಂದು ಕೋನದಲ್ಲಿ ಆ ಅಲುಗಾಟ ತಗ್ಗುತ್ತದೆ, ಹಾಗಾಗಿ ಮಗು ಕತ್ತು ವಾಲಿಸಿ ನೋಡುತ್ತದೆ. ಚಿಕ್ಕ ಫ್ರೇಮು ಹಾಕಿದರೆ ಆ ಕೋನದಲ್ಲಿ ನೋಟ ಗಾಜಿನ ಹೊರಗೆ ಬೀಳುತ್ತದೆ ಅಥವಾ ಫ್ರೇಮಿನ ಅಂಚು ಅಡ್ಡ ಬರುತ್ತದೆ. ಅಳತೆ ತೆಗೆಯುವಾಗ ಮಗುವಿಗೆ "ನೇರ ಕೂತ್ಕೋ" ಅನ್ನಬೇಡಿ. ಅದು ಎಂದಿನಂತೆ ನೋಡಲಿ. ಆ ಕೋನವನ್ನು ಗಾಜು ಮುಚ್ಚುತ್ತದೆಯೇ ಎಂದು ನೋಡಿ.

ಪೋಲರೈಸ್ಡ್ ಮತ್ತು ತಾನೇ ಕಪ್ಪಾಗುವ ಗಾಜು

ನೀರು, ಒದ್ದೆ ರಸ್ತೆ, ಕಾರಿನ ಬಾನೆಟ್ಟಿನಿಂದ ಪುಟಿದು ಬರುವ ಹೊಳಪನ್ನು ಪೋಲರೈಸ್ಡ್ ಗಾಜು ಚೆನ್ನಾಗಿ ಕತ್ತರಿಸುತ್ತದೆ. ಕರಾವಳಿಯವರಿಗೆ, ಮೀನು ಹಿಡಿಯುವವರಿಗೆ, ಮಳೆ ನಿಂತ ಮೇಲೆ ಮಲೆನಾಡಿನ ರಸ್ತೆಯಲ್ಲಿ ಓಡಾಡುವವರಿಗೆ ದುಡ್ಡು ಕೊಟ್ಟದ್ದಕ್ಕೂ ಸಾರ್ಥಕ. ನೇರ ಬಿಸಿಲಿಗೆ ಇದರಿಂದ ವಿಶೇಷ ಲಾಭವಿಲ್ಲ. ಅಸಲಿಯೋ ಎಂದು ನೋಡಲು ಎಲ್‌ಸಿಡಿ ಪರದೆಯ ಮುಂದೆ ಕನ್ನಡಕ ಹಿಡಿದು ನಿಧಾನ ತಿರುಗಿಸಿ. ಯಾವುದೋ ಒಂದು ಕೋನದಲ್ಲಿ ಪರದೆ ಕಪ್ಪಾದರೆ ಅಸಲಿ.

ಬಿಸಿಲಿಗೆ ತಾನೇ ಕಪ್ಪಾಗುವ ಫೋಟೊಕ್ರೋಮಿಕ್ ಗಾಜಿನ ಮೇಲೆ ಬೆಳಕು ಆಗದವರು ಪೂರ್ತಿ ನೆಚ್ಚಿಕೊಳ್ಳಬಾರದು. ಅದು ಕಪ್ಪಾಗುವುದು ಯುವಿಯಿಂದ. ಕಾರಿನ ಮುಂಗಾಜು ಯುವಿಯನ್ನು ತಡೆಯುವುದರಿಂದ ಒಳಗೆ ಕೂತಾಗ ಇಂಥ ಮಾಮೂಲಿ ಗಾಜು ಸರಿಯಾಗಿ ಕಪ್ಪಾಗುವುದಿಲ್ಲ. ಬಿಸಿ ಜಾಸ್ತಿಯಾದಷ್ಟೂ ಅದು ಕಪ್ಪಾಗುವುದು ಕಡಿಮೆ. ರಾಯಚೂರು, ಕಲಬುರಗಿಯ ಮೇ ತಿಂಗಳಲ್ಲಿ, ತುಂಬಾ ಬೇಕಾದ ಹೊತ್ತಿಗೇ ಕೈಕೊಡುತ್ತದೆ.

ಅಂಗಡಿಯಲ್ಲಿ ಮಾಡಬೇಕಾದ್ದು

ಅಂಗಡಿಗೆ ಬಿಸಿಲು ಚೆನ್ನಾಗಿರುವ ಹೊತ್ತಿಗೆ ಹೋಗಿ. ಸಂಜೆ ಬೇಡ. ಒಳಗಿನ ದೀಪದಲ್ಲಿ ಹಾಕಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಬಾಗಿಲ ಹೊರಗೆ ನಿಂತು ಐದು ನಿಮಿಷ ನೋಡಲು ಬಿಡಿ ಎಂದು ಕೇಳಿ. ನಾಚಿಕೆ ಬೇಡ. ಸೂರ್ಯನನ್ನು ಮಾತ್ರ ನೇರ ನೋಡಬೇಡಿ, ಯಾವ ಕನ್ನಡಕ ಹಾಕಿಕೊಂಡೂ.

ಕನ್ನಡಕವನ್ನು ಒಂದು ಕೈಯಳತೆ ದೂರ ಹಿಡಿದು ಬಾಗಿಲ ಚೌಕಟ್ಟನ್ನೋ ಕಿಟಕಿ ಸರಳನ್ನೋ ಗಾಜಿನ ಮೂಲಕ ನೋಡಿ. ನಿಧಾನವಾಗಿ ಅತ್ತಿತ್ತ ಆಡಿಸಿ. ಪವರ್ ಇಲ್ಲದ ಗಾಜಿನಲ್ಲಿ ಗೆರೆ ಬಾಗಬಾರದು, ಅಲೆ ಅಲೆಯಾಗಬಾರದು. ಬಾಗಿದರೆ ತಲೆನೋವು ಖಂಡಿತ. ಆಮೇಲೆ ಬಿಳಿ ಹಾಳೆಯ ಮೇಲಿಟ್ಟು ಎರಡೂ ಗಾಜಿನ ಬಣ್ಣ ಒಂದೇ ಸಮ ಇದೆಯೇ ನೋಡಿ. ಬಗ್ಗಿ ಚಪ್ಪಲಿ ಹಾಕಿಕೊಳ್ಳುವ ಹಾಗೆ ಮಾಡಿ, ಜಾರುತ್ತದೆಯೇ ಎಂದು ಗೊತ್ತಾಗುತ್ತದೆ. ಹೆಲ್ಮೆಟ್ ಹಾಕುವವರು ಹೆಲ್ಮೆಟ್ ತೆಗೆದುಕೊಂಡೇ ಹೋಗಿ. ದಪ್ಪ ಕಡ್ಡಿ ಒಳಗೆ ಕಿವಿಯ ಮೇಲೆ ಒತ್ತಿ, ಅರ್ಧ ಗಂಟೆಯಲ್ಲಿ ತೆಗೆದೆಸೆಯುವ ಹಾಗಾಗುತ್ತದೆ.

ಕಿತ್ತಳೆ, ಕೆಂಪು, ಸಿಪಿಎಫ್ ತರಹದ ಗಾಜುಗಳನ್ನು ಅಂಗಡಿಯಲ್ಲಿ ಊಹೆಯ ಮೇಲೆ ಕೊಳ್ಳಬೇಡಿ. ದೊಡ್ಡ ಕಣ್ಣಿನ ಆಸ್ಪತ್ರೆಗಳಲ್ಲಿ ಲೋ ವಿಷನ್ ವಿಭಾಗ ಇರುತ್ತದೆ. ಅಲ್ಲಿ ಬೇರೆ ಬೇರೆ ಬಣ್ಣದ ಗಾಜು ಕೊಟ್ಟು ಹೊರಗೆ ಓಡಾಡಿಸಿ ನೋಡುತ್ತಾರೆ.

ಗಾಡಿ ಓಡಿಸುವವರಿಗೆ

ರಾತ್ರಿ ಯಾವ ಬಣ್ಣದ ಗಾಜೂ ಬೇಡ. ಹೆಡ್‌ಲೈಟ್ ಕುಕ್ಕುತ್ತದೆ ಎಂದು ಹಳದಿ ಕನ್ನಡಕ ಹಾಕುವವರಿದ್ದಾರೆ. ಅದು ಹೆಡ್‌ಲೈಟಿನ ಜೊತೆ ದಾರಿ ದಾಟುವ ಮನುಷ್ಯನನ್ನೂ ಮಂಕಾಗಿಸುತ್ತದೆ. ಕೆಂಪು, ಕಡು ಕಿತ್ತಳೆ ಗಾಜಿನಲ್ಲಿ ಸಿಗ್ನಲ್ ಬಣ್ಣ ತಪ್ಪಾಗಿ ಕಾಣುತ್ತದೆ. ಕಡ್ಡಿ ತೀರಾ ಅಗಲವಿದ್ದರೆ ಪಕ್ಕದ ವಾಹನ ಮರೆಯಾಗುತ್ತದೆ. ಕಾರಿನ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಿದರೆ ಆಯಿತಲ್ಲ ಅನ್ನಿಸಬಹುದು. 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಡೆದಿದ್ದು ನೆನಪಿರಲಿ.

ಮೈಗ್ರೇನ್ ಇದ್ದವರಿಗೆ ಘಾಟಿ ರಸ್ತೆ ಕಷ್ಟ. ಮರಗಳ ನಡುವೆ ಬಿಸಿಲು-ನೆರಳು ಪಟಪಟ ಬದಲಾಗುವುದೇ ತಲೆನೋವಿಗೆ ಸಾಕು. ಬಸ್ಸಿನಲ್ಲಾದರೆ ಸೂರ್ಯ ಇಲ್ಲದ ಬದಿಯ ಸೀಟು ಹಿಡಿಯಿರಿ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಬೆಳಗ್ಗೆ ಹೊರಟರೆ ಎಡಗಡೆ, ಮಧ್ಯಾಹ್ನದ ಮೇಲೆ ಹೊರಟರೆ ಬಲಗಡೆ.

ಒಳಗಿನ ಬೆಳಕನ್ನೇ ಸರಿಮಾಡಿ

ಮನೆಯೊಳಗೆ ಕನ್ನಡಕಕ್ಕೆ ಮುಂಚೆ ದೀಪ ನೋಡಿ. ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್ ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಕಣ್ಣಿಗೆ ಕಾಣದಿದ್ದರೂ ಕೆಲವರ ತಲೆಗೆ ಗೊತ್ತಾಗುತ್ತದೆ. ಅಗ್ಗದ ಎಲ್‌ಇಡಿಗಳೂ ಹಾಗೇ. ಮೊಬೈಲಿನ ಸ್ಲೋ ಮೋಷನ್ ವಿಡಿಯೊದಲ್ಲಿ ದೀಪ ಹಿಡಿಯಿರಿ. ಪಟ್ಟೆ ಪಟ್ಟೆಯಾಗಿ ಹರಿದರೆ, ಮಿಣಮಿಣ ಅಂದರೆ ಆ ಬಲ್ಬ್ ಬದಲಿಸಿ. ಮುಖಕ್ಕೆ ನೇರ ಬೀಳುವ ದೀಪವನ್ನು ಗೋಡೆಗೆ ತಿರುಗಿಸಿ. ಕಿಟಕಿಗೆ ಎದುರಾಗಿ ಕೂರಬೇಡಿ.

ಶಾಲೆಯಲ್ಲೂ ಇದೇ. ಮಗುವಿನ ಬೆನ್ನು ಕಿಟಕಿಗೆ ಇರುವ ಹಾಗೆ, ಬೋರ್ಡಿಗೆ ಹತ್ತಿರದ ಬೆಂಚು ಕೇಳಿ. ತರಗತಿಯಲ್ಲಿ ಬಣ್ಣದ ಕನ್ನಡಕ, ಮೈದಾನದಲ್ಲಿ ಟೋಪಿ ಬೇಕು ಎಂದು ಡಾಕ್ಟರಿಂದ ಒಂದು ಪತ್ರ ಬರೆಸಿಕೊಳ್ಳಿ. ಅಕ್ಕನ ಮಗಳಿಗೆ ಒಂದು ವರ್ಷ ಇಡೀ "ಕ್ಲಾಸಲ್ಲೂ ಕೂಲಿಂಗ್ ಗ್ಲಾಸಾ, ಏನ್ ಸ್ಟೈಲು" ಎಂಬ ಮಾತು ಕೇಳಬೇಕಾಯಿತು. ಬೆಳಗಿನ ಪ್ರಾರ್ಥನೆಯಲ್ಲಿ ಟೋಪಿ ತೆಗೆಸುತ್ತಿದ್ದರು. ಅವಳು ಕಣ್ಣು ಮುಚ್ಚಿಕೊಂಡೇ ನಿಲ್ಲುತ್ತಿದ್ದಳು. ಪತ್ರ ಕೊಟ್ಟ ಮೇಲೆ ಹೊಸ ಟೀಚರು ಅವಳ ಸಾಲನ್ನೇ ಬೇವಿನ ಮರದ ನೆರಳಿಗೆ ಸರಿಸಿದರು. ಈಗ ಅವಳ ಚೀಲದಲ್ಲಿ ಒಂದು ಕಂದು ಕನ್ನಡಕ, ಶಾಲೆಯ ಬೀರುವಿನಲ್ಲಿ ಇನ್ನೊಂದು ಇರುತ್ತದೆ.